ಹುಟ್ಟು ಹಿಡಿದ ಹುಡುಗಿಯರು: ಕೆನಡಾದ ವಾಪೊಮಿಯೊ ಶಿಬಿರದ ಪ್ರಕರಣ

ಟೊರಾಂಟೊ ನಗರದಿಂದ ಉತ್ತರಕ್ಕೆ ಕಾರಿನಲ್ಲಿ ಮೂರು ಗಂಟೆ ಸಾಗಿದರೆ ಆಲ್ಗಾಂಕ್ವಿನ್ ಪ್ರಾಂತೀಯ ಉದ್ಯಾನ ಸಿಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿರುವ ಈ ಕಾಡಿನ ವಿಸ್ತಾರ 7,600 ಚದರ ಕಿಲೋಮೀಟರಿಗೂ ಹೆಚ್ಚು. ಒಳಗೆ 2,400ಕ್ಕೂ ಮಿಗಿಲಾದ ಸರೋವರಗಳಿವೆ. ಅವುಗಳಲ್ಲಿ ಒಂದಕ್ಕೆ ದೋಣಿಯದೇ ಹೆಸರು: ಕೆನೂ ಸರೋವರ. ರಸ್ತೆ ಅದರ ದಕ್ಷಿಣ ತುದಿಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಯಾರೇ ಆಗಲಿ ನೀರಿಗೆ ಇಳಿಯಬೇಕು. ಆ ನೀರಿನ ನಡುವೆ, ಪೈನ್ ಮತ್ತು ಹೆಮ್ಲಾಕ್ ಮರಗಳು ಕವಿದ ಬಂಡೆಗಲ್ಲಿನ ದ್ವೀಪದ ಮೇಲೆ, ಹುಡುಗಿಯರ ಬೇಸಿಗೆ ಶಿಬಿರವೊಂದಿದೆ. ಹೆಸರು ವಾಪೊಮಿಯೊ. ಶುರುವಾದದ್ದು 1924ರಲ್ಲಿ.

ಈ ಶಿಬಿರದ ಕಥೆಯನ್ನು ಒಂದು ಪ್ರಕರಣವಾಗಿ ಬಿಡಿಸಿ ನೋಡಬೇಕು ಎನ್ನಿಸಲು ಕಾರಣವಿದೆ. ವಾಪೊಮಿಯೊ ತಾನಾಗಿ ಹುಟ್ಟಿದ ಸಂಸ್ಥೆಯಲ್ಲ. ಅದೇ ಸರೋವರದ ದಡದಲ್ಲಿ ಮೂರು ವರ್ಷ ಮೊದಲು ಆರಂಭವಾಗಿದ್ದ ಹುಡುಗರ ಶಿಬಿರಕ್ಕೆ ಅದು ತಂಗಿ. ಅಣ್ಣನ ಅಂಗಿಯನ್ನು ಮೊಟಕು ಮಾಡಿ ತಂಗಿಗೆ ತೊಡಿಸಿದಂತೆ ಹುಡುಗರ ಸಂಸ್ಥೆಯನ್ನು ಸ್ವಲ್ಪ ಮೆದುವಾಗಿಸಿ ಹುಡುಗಿಯರಿಗೆ ಕೊಟ್ಟ ಉದಾಹರಣೆಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹಲವು ಅಳಿದುಹೋದವು, ಇದು ಉಳಿಯಿತು. ಹೇಗೆ ಉಳಿಯಿತು, ಏನಾಗಿ ಉಳಿಯಿತು, ಉಳಿಯುವಾಗ ಯಾರನ್ನು ಹೊರಗಿಟ್ಟಿತು ಎಂಬುದು ನನ್ನ ಆಸಕ್ತಿ. ನನ್ನ ಓದಿನಲ್ಲಿ ಉತ್ತರದ ದೊಡ್ಡ ಪಾಲು ಇರುವುದು ಭೂಗೋಳದಲ್ಲಿ. ದ್ವೀಪದಲ್ಲಿ ಬದುಕುವವಳಿಗೆ ದೋಣಿ ನಡೆಸಲು ಬರಲೇಬೇಕು.

ಶಿಬಿರಕ್ಕೆ ಮುಂಚಿನ ಸರೋವರ

ಇಂದು ಚಿತ್ರಗಳಲ್ಲಿ ಕಾಣುವ ಕೆನೂ ಸರೋವರ ಮನುಷ್ಯರ ಕೈ ಸೋಕದ ಜಾಗದಂತೆ ತೋರುತ್ತದೆ. ಆ ನೋಟವನ್ನು ನಂಬಬಾರದು. 1893ರಲ್ಲಿ ಉದ್ಯಾನ ಸ್ಥಾಪನೆಯಾದಾಗಲೇ ಇಲ್ಲಿ ಮರ ಕಡಿಯುವ ಕಂಪನಿಗಳು ಕಾಲೂರಿದ್ದವು. ನದಿಗಳ ಮೂಲವನ್ನೂ ವನ್ಯಪ್ರಾಣಿಗಳನ್ನೂ ಕಾಪಾಡುವುದು ಉದ್ಯಾನದ ಉದ್ದೇಶವಾಗಿತ್ತು. ಬೇಟೆಗೆ, ಉರುಲು ಹಾಕುವುದಕ್ಕೆ ನಿಷೇಧ ಬಂತು, ಮರ ಕಡಿಯುವುದಕ್ಕೆ ಬರಲಿಲ್ಲ. ಮರದ ದೊರೆ ಎನಿಸಿದ್ದ ಜೆ. ಆರ್. ಬೂತ್ 1890ರ ದಶಕದಲ್ಲಿ ಒಟ್ಟಾವಾ ಕಡೆಯಿಂದ ಕಾಡನ್ನು ಸೀಳಿಕೊಂಡು ರೈಲುಮಾರ್ಗ ಹಾಕಿಸಿದ. ಅದು ಕೆನೂ ಸರೋವರದ ಪಕ್ಕದಲ್ಲೇ ಹಾದುಹೋಯಿತು. ಸರೋವರದ ಪಶ್ಚಿಮ ದಡದಲ್ಲಿ ಗಿಲ್ಮೋರ್ ಕಂಪನಿ ದೊಡ್ಡ ಗರಗಸದ ಗಿರಣಿ ಕಟ್ಟಿತು. ಅದರ ಸುತ್ತ ಮೋವಟ್ ಎಂಬ ಹಳ್ಳಿ ಎದ್ದಿತು. ಕೆಲವೇ ವರ್ಷಗಳಲ್ಲಿ, ಶತಮಾನ ಹೊರಳುವ ಹೊತ್ತಿಗೆ, ಕಂಪನಿ ಮುಳುಗಿ ಹಳ್ಳಿ ಪಾಳು ಬಿತ್ತು. ಉಳಿದದ್ದು ಹೊಟ್ಟು ಚಕ್ಕೆಗಳ ರಾಶಿ, ಖಾಲಿ ಮನೆಗಳು, ಒಂದು ಸಣ್ಣ ಸ್ಮಶಾನ, ಮತ್ತು ಕಂಪನಿಯ ಹಳೆಯ ಕಟ್ಟಡವೊಂದರಲ್ಲಿ ನಡೆಯುತ್ತಿದ್ದ ಮೋವಟ್ ಲಾಡ್ಜ್ ಎಂಬ ವಸತಿಗೃಹ.

ಆ ಲಾಡ್ಜಿಗೆ 1910ರ ದಶಕದಲ್ಲಿ ಮತ್ತೆ ಮತ್ತೆ ಬಂದು ತಂಗುತ್ತಿದ್ದವನು ಚಿತ್ರಕಾರ ಟಾಮ್ ಥಾಮ್ಸನ್. ಇದೇ ಸುಮಾರಿನಲ್ಲಿ ಟೇಲರ್ ಸ್ಟ್ಯಾಟನ್ ಎಂಬ ಟೊರಾಂಟೊದ ಯುವಕ ಚಿಕ್ಕ ವಾಪೊಮಿಯೊ ದ್ವೀಪವನ್ನು ಗುತ್ತಿಗೆ ಹಿಡಿದು ಮರದ ಮನೆ ಕಟ್ಟಿಸುತ್ತಿದ್ದ. ಆ ಮನೆಯ ಒಲೆಗೂಡಿಗೆ ಬೇಕಾದ ಮರಳನ್ನು ದೋಣಿಯಲ್ಲಿ ಸಾಗಿಸಿ ನೆರವಾದವರಲ್ಲಿ ಥಾಮ್ಸನ್ ಕೂಡ ಒಬ್ಬ. 1917ರ ಜುಲೈ 8ರಂದು ಅವನು ಒಬ್ಬನೇ ದೋಣಿಯಲ್ಲಿ ಹೊರಟ. ದೋಣಿ ಬರಿದಾಗಿ ಸಿಕ್ಕಿತು. ಎಂಟು ದಿನಗಳ ಮೇಲೆ, ಜುಲೈ 16ರಂದು, ಸ್ಟ್ಯಾಟನ್‌ನ ಆ ಮನೆಯಲ್ಲಿ ರಜೆಗೆಂದು ಇಳಿದುಕೊಂಡಿದ್ದ ವೈದ್ಯನ ಕಣ್ಣಿಗೆ ನೀರಿನ ಮೇಲೆ ಏನೋ ತೇಲುತ್ತಿರುವುದು ಬಿತ್ತು. ಅದು ಥಾಮ್ಸನ್‌ನ ದೇಹ. ಗೈಡುಗಳು ಅದನ್ನು ದೊಡ್ಡ ವಾಪೊಮಿಯೊ ದ್ವೀಪದ ದಡಕ್ಕೆ ಎಳೆದು ತಂದರು. ಅವನಿಗೆ ಆಗ 39 ವರ್ಷ. ಸಾವು ಹೇಗಾಯಿತೆಂಬ ವಾದ ನೂರು ವರ್ಷ ಕಳೆದರೂ ಮುಗಿದಿಲ್ಲ.

ಹುಡುಗಿಯರ ಶಿಬಿರದ ಕಥೆಯಲ್ಲಿ ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಶಿಬಿರ ಕಾಲಿಟ್ಟ ನೀರಿಗೆ ಆಗಲೇ ಒಂದು ಸಾವಿನ ನೆನಪು ಅಂಟಿತ್ತು. ಸರೋವರದ ಎತ್ತರದ ತುದಿಯೊಂದರಲ್ಲಿ ಥಾಮ್ಸನ್‌ನ ಗೆಳೆಯರು 1917ರಲ್ಲೇ ಕಲ್ಲಿನ ಸ್ಮಾರಕ ಕಟ್ಟಿದರು. 1930ರಲ್ಲಿ ಅದರ ಪಕ್ಕ ಒಂದು ಟೋಟೆಮ್ ಕಂಬವನ್ನೂ, ಅಂದರೆ ಮೂಲನಿವಾಸಿ ಶೈಲಿಯಲ್ಲಿ ಕೆತ್ತಿದ ಮರದ ಕಂಬವನ್ನೂ, ನಿಲ್ಲಿಸಲಾಯಿತು. ಮಂಜು ಕವಿದ ಬೆಳಗಿನಲ್ಲಿ ಒಂಟಿ ದೋಣಿಗಾರ ಕಾಣಿಸಿಕೊಳ್ಳುತ್ತಾನೆ ಎಂಬ ಕಥೆ ಆ ಸರೋವರದ ಮಕ್ಕಳಿಗೆ ಕಥೆಯ ಬೆಂಕಿಯ ಸುತ್ತ ಕುಳಿತಾಗ ಬಾಯಿಂದ ಬಾಯಿಗೆ ದಾಟಿದ ಆಸ್ತಿ. ನೀರನ್ನು ಪ್ರೀತಿಸು, ಆದರೆ ಸದರ ಕೊಡಬೇಡ ಎಂಬ ಪಾಠವನ್ನು ಯಾವ ನಿಯಮಾವಳಿಗಿಂತಲೂ ಚೆನ್ನಾಗಿ ಆ ಕಥೆ ಕಲಿಸಿರಬೇಕು.

ಅಣ್ಣನ ಶಿಬಿರ, ತಂಗಿಯ ದ್ವೀಪ

ಟೇಲರ್ ಸ್ಟ್ಯಾಟನ್ (1882–1956) ವೈಎಂಸಿಎ ಎಂಬ ಕ್ರೈಸ್ತ ಯುವಜನ ಸಂಸ್ಥೆಯಲ್ಲಿ ಹುಡುಗರ ವಿಭಾಗ ನೋಡಿಕೊಳ್ಳುತ್ತಿದ್ದವನು. ನಗರದ ಹುಡುಗ ದುರ್ಬಲನಾಗುತ್ತಿದ್ದಾನೆ, ಅವನನ್ನು ಕಾಡು ಮಾತ್ರ ಮತ್ತೆ ಗಟ್ಟಿ ಮಾಡಬಲ್ಲದು ಎಂಬುದು ಆ ತಲೆಮಾರಿನ ಶಿಕ್ಷಕರ ದೃಢ ನಂಬಿಕೆ. 1921ರಲ್ಲಿ ಸ್ಟ್ಯಾಟನ್ ಕೆನೂ ಸರೋವರದ ದಡದಲ್ಲಿ ಅಹ್ಮೆಕ್ ಎಂಬ ಹುಡುಗರ ಶಿಬಿರ ತೆರೆದ. ಮೂಲನಿವಾಸಿಗಳ ಅನಿಶಿನಾಬೆ ಭಾಷೆಯಲ್ಲಿ ಅಮಿಕ್ ಎಂದರೆ ಬೀವರ್, ಹಲ್ಲಿನಿಂದ ಮರ ಕಡಿದು ತೊರೆಗೆ ಕಟ್ಟೆ ಕಟ್ಟುವ ಪ್ರಾಣಿ. ಮರುವರ್ಷ ಪ್ರಕೃತಿ ಲೇಖಕ ಅರ್ನೆಸ್ಟ್ ಥಾಂಪ್ಸನ್ ಸೀಟನ್ ಅಲ್ಲಿಗೆ ಬಂದ. ಅವನ ಪ್ರಭಾವದಲ್ಲಿ ಬೆಂಕಿಯ ಸುತ್ತ ವೃತ್ತಾಕಾರವಾಗಿ ಕೂರುವ ಸಭೆ ಶಿಬಿರದ ಹೃದಯಭಾಗವಾಯಿತು. ಆ ಸಭೆಯ ಬಗ್ಗೆ ಮುಂದೆ ಹೇಳುವುದಿದೆ.

1924ರಲ್ಲಿ ವಾಪೊಮಿಯೊ ಬಂತು. ಇದರ ಬೆನ್ನಿಗೆ ನಿಂತವಳು ಸ್ಟ್ಯಾಟನ್‌ನ ಹೆಂಡತಿ ಎಥೆಲ್. ಆ ಕಾಲವನ್ನು ನೆನಪಿಸಿಕೊಳ್ಳಬೇಕು. ಒಂಟಾರಿಯೊದ ಹೆಂಗಸರಿಗೆ ಪ್ರಾಂತೀಯ ಚುನಾವಣೆಯಲ್ಲಿ ಮತ ಸಿಕ್ಕಿ ಆಗ ಏಳು ವರ್ಷ. ಸೆನೆಟ್ ಸದಸ್ಯತ್ವದ ಮಟ್ಟಿಗೆ ಹೆಂಗಸು ಕಾನೂನಿನ ಕಣ್ಣಲ್ಲಿ 'ವ್ಯಕ್ತಿ' ಹೌದೋ ಅಲ್ಲವೋ ಎಂಬ ಪ್ರಶ್ನೆ 1929ರವರೆಗೂ ತೀರ್ಮಾನವಾಗಿರಲಿಲ್ಲ. ಇಂಥ ಸಮಾಜದಲ್ಲಿ ಹನ್ನೆರಡು ವರ್ಷದ ಮಗಳನ್ನು ತಾಯ್ತಂದೆಯರು ವಾರಗಟ್ಟಲೆ ಕಾಡಿನ ನಡುವಿನ ದ್ವೀಪಕ್ಕೆ ಕಳಿಸಿದರು. ಅವರು ಧೈರ್ಯ ಮಾಡಿದ್ದು ಹೇಗೆ? ದ್ವೀಪದಲ್ಲಿರುವ ಹುಡುಗಿಯರ ಬಳಿಗೆ ಯಾರೂ ಸುಮ್ಮನೆ ನಡೆದು ಬರುವಂತಿಲ್ಲ, ಬರುವವರು ದೂರದಿಂದಲೇ ಕಾಣುತ್ತಾರೆ. ಹುಡುಗರ ಶಿಬಿರಕ್ಕೂ ಹುಡುಗಿಯರ ಶಿಬಿರಕ್ಕೂ ನಡುವೆ ನೀರಿನ ಬೇಲಿ. ಮನೆಯವರಿಗೆ ನೆಮ್ಮದಿ ಕೊಟ್ಟಿರಬಹುದಾದ ಅದೇ ನೀರು ಹುಡುಗಿಯರಿಗೆ ಬೇರೆಯದನ್ನು ಕೊಟ್ಟಿತು.

ವಾಪೊಮಿಯೊವನ್ನು ಒಂಟಿಯಾಗಿ ನೋಡಿದರೆ ತಪ್ಪಾಗುತ್ತದೆ. ಆಲ್ಗಾಂಕ್ವಿನ್ ಕಾಡಿಗೆ ಹುಡುಗಿಯರನ್ನು ಕರೆತಂದವರಲ್ಲಿ ಸ್ಟ್ಯಾಟನ್ ದಂಪತಿ ಮೊದಲಿಗರೂ ಅಲ್ಲ. ಅಮೆರಿಕದ ರೋಚೆಸ್ಟರ್ ಊರಿನ ಶಿಕ್ಷಕಿ ಫ್ಯಾನಿ ಕೇಸ್ ಕಟ್ಟಿದ ನಾರ್ತ್‌ವೇ ಲಾಡ್ಜ್ ಎಂಬ ಹುಡುಗಿಯರ ಶಿಬಿರ 1908ರ ಹೊತ್ತಿಗೇ ಹತ್ತಿರದ ಕ್ಯಾಶ್ ಸರೋವರದಲ್ಲಿ ನೆಲೆಸಿತ್ತು. ಉದ್ಯಾನದ ಹೊರಗೆ 1922ರಲ್ಲಿ ಮೇರಿ ಎಡ್ಗರ್ ಗ್ಲೆನ್ ಬರ್ನಾರ್ಡ್ ಶಿಬಿರ ತೆರೆದಳು. 1925ರಲ್ಲಿ, ಅಂದರೆ ವಾಪೊಮಿಯೊ ಶುರುವಾದ ಮರುವರ್ಷ, ಟೊರಾಂಟೊದಲ್ಲಿ ಹೆಣ್ಣುಮಕ್ಕಳ ದೈಹಿಕ ಶಿಕ್ಷಣಕ್ಕೆ ಹೆಸರಾಗಿದ್ದ ಮಾರ್ಗರೆಟ್ ಈಟನ್ ಶಾಲೆಯ ಮುಖ್ಯಸ್ಥೆ ಮೇರಿ ಹ್ಯಾಮಿಲ್ಟನ್ ಆಲ್ಗಾಂಕ್ವಿನ್‌ನಲ್ಲೇ ಟನಮಕೂನ್ ಶಿಬಿರ ಕಟ್ಟಿದಳು. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಒಂದು ಸಂಸ್ಥೆಯನ್ನು ತಾನೇ ನಡೆಸುವ, ಹಣ ನಿಭಾಯಿಸುವ, ನೂರಾರು ಜೀವಗಳ ಹೊಣೆ ಹೊರುವ ಅವಕಾಶ ಆ ಕಾಲದ ಹೆಂಗಸಿಗೆ ಸಿಗುತ್ತಿದ್ದ ಜಾಗಗಳು ಬೆರಳೆಣಿಕೆಯಷ್ಟು. ಬೇಸಿಗೆ ಶಿಬಿರ ಅಂಥದೊಂದು ಜಾಗವಾಯಿತು. ಹುಡುಗಿಯರ ಶಿಬಿರ ಎಂದಾಗ ಅಲ್ಲಿಗೆ ಹೋದ ಮಕ್ಕಳನ್ನು ಮಾತ್ರ ನೆನೆಯುವುದು ವಾಡಿಕೆ. ನಡೆಸಿದ ಹೆಂಗಸರಿಗೂ ಅದು ಅಷ್ಟೇ ದೊಡ್ಡ ಶಾಲೆಯಾಗಿತ್ತು.

ವಿದ್ವಾಂಸರ ಗಮನ ಮಾತ್ರ ಅತ್ತ ಹರಿಯಲಿಲ್ಲ. 1920ರ ದಶಕದಲ್ಲಿ ಶಿಬಿರಜೀವನ ಮಕ್ಕಳ ನಡತೆಯನ್ನು ಹೇಗೆ ತಿದ್ದುತ್ತದೆ ಎಂದು ಹೆಡ್ಲಿ ಡಿಮಾಕ್ ಮತ್ತು ಚಾರ್ಲ್ಸ್ ಹೆಂಡ್ರಿ ನಡೆಸಿದ ಅಧ್ಯಯನ 1929ರಲ್ಲಿ ಪುಸ್ತಕವಾಗಿ ಬಂತು. ಉತ್ತರ ಅಮೆರಿಕದ ಶಿಬಿರ ಶಿಕ್ಷಣದಲ್ಲಿ ಬಹಳ ಕಾಲ ಅದಕ್ಕೆ ಬೆಲೆಯಿತ್ತು. ಅಧ್ಯಯನಕ್ಕೆ ಆರಿಸಿಕೊಂಡದ್ದು ಅಹ್ಮೆಕ್ ಶಿಬಿರದ ಹುಡುಗರನ್ನು. ದೋಣಿಯಲ್ಲಿ ಹೋದರೆ ಕ್ಷಣಮಾತ್ರದ ದೂರದಲ್ಲಿದ್ದ ಹುಡುಗಿಯರು ಆ ಪುಸ್ತಕದ ವಿಷಯವಾಗಲಿಲ್ಲ. ಮುಂದೆ ಮಕ್ಕಳ ಗೆಳೆತನವನ್ನು ಅಳೆಯುವ ವಿಧಾನಗಳಲ್ಲಿ ಹೆಸರು ಮಾಡಿದ ಟೊರಾಂಟೊ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮೇರಿ ನಾರ್ತ್‌ವೇ ಹುಡುಗಿಯರ ಶಿಬಿರದಲ್ಲಿ ದುಡಿದು ಪಳಗಿದವಳು ಎಂಬುದನ್ನು ನೆನೆದಾಗ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ನೋಡುವ ಕಣ್ಣು ಹುಡುಗಿಯರ ಶಿಬಿರಗಳಲ್ಲೂ ತಯಾರಾಗುತ್ತಿತ್ತು.

ದೋಣಿ ಕಲಿಸಿದ್ದು

ಈಗ ಪ್ರಕರಣದ ತಿರುಳಿಗೆ ಬರುತ್ತೇನೆ. ಕೆನೂ ಎಂದರೆ ನಮ್ಮ ಹರಿಗೋಲಿನಂತೆ ದುಂಡಗಿನದಲ್ಲ, ಎರಡೂ ತುದಿ ಚೂಪಾದ ನೀಳ ದೋಣಿ. ಭೂರ್ಜ ಮರದ ತೊಗಟೆಯಲ್ಲಿ ಅದನ್ನು ಮೊದಲು ರೂಪಿಸಿದವರು ಈ ಕಾಡುಗಳ ಮೂಲನಿವಾಸಿಗಳು. ಇಪ್ಪತ್ತನೇ ಶತಮಾನದ ಶಿಬಿರಗಳಲ್ಲಿ ಬಳಕೆಯಾದದ್ದು ಸೀಡರ್ ಮರದ ಪಕ್ಕೆಲುಬುಗಳ ಮೇಲೆ ಹಲಗೆ ಜೋಡಿಸಿ, ಹೊರಗೆ ಕ್ಯಾನ್ವಾಸ್ ಬಿಗಿದು ಬಣ್ಣ ಬಳಿದ ದೋಣಿ. ಉದ್ದ ಹದಿನಾರು ಅಡಿಯಷ್ಟು, ತೂಕ 30 ಕಿಲೋಗೂ ಮೇಲೆ. ಕ್ಯಾನ್ವಾಸ್ ನೀರು ಹೀರಿದರೆ ಇನ್ನೂ ಭಾರ.

ಹೊಸಬಳು ಮೊದಲು ಕಲಿಯುವುದು ಮಂಡಿಯೂರಿ ಕೂರುವುದನ್ನು. ಎದ್ದು ನಿಂತರೆ ದೋಣಿ ಮಗುಚುತ್ತದೆ. ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ದೋಣಿ ಎದುರು ಬದಿಗೆ ತಿರುಗುತ್ತ ಸುತ್ತು ಹೊಡೆಯುತ್ತದೆ. ಪ್ರತಿ ಎಳೆತದ ಕೊನೆಯಲ್ಲಿ ಹುಟ್ಟಿನ ಅಲಗನ್ನು ನೀರಿನೊಳಗೇ ಹೊರಕ್ಕೆ ತಿರುವಿ ಸಣ್ಣದಾಗಿ ತಳ್ಳಿದರೆ ದೋಣಿ ನೇರ ಹೋಗುತ್ತದೆ. ಇಂಗ್ಲಿಷಿನ ಜೆ ಅಕ್ಷರದ ಆಕಾರ ಬರುವುದರಿಂದ ಅದಕ್ಕೆ ಜೆ ಹೊಡೆತ ಎಂದೇ ಹೆಸರು. ಹೇಳಲು ಎರಡು ಸಾಲು, ಕೈಗೆ ಬರಲು ದಿನಗಟ್ಟಲೆ ಬೇಕು. ಇದರಲ್ಲಿ ತೋಳ್ಬಲಕ್ಕಿಂತ ಮಣಿಕಟ್ಟಿನ ಹದ ಮುಖ್ಯ. ಹುಡುಗ ಬಲಶಾಲಿ, ಹುಡುಗಿ ಅಬಲೆ ಎಂಬ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಳಿಗೆ ಎದುರಾಗಿ ಹೊರಟಾಗ ಹುಟ್ಟನ್ನು ಬಡಿಯುವವನು ಬೇಗ ಸುಸ್ತಾಗುತ್ತಾನೆ, ಹದವರಿತು ಎಳೆಯುವವಳು ಸಂಜೆಯವರೆಗೂ ಸಾಗುತ್ತಾಳೆ.

ಆಮೇಲೆ ಹೊರೆ. ಆಲ್ಗಾಂಕ್ವಿನ್‌ನ ಸರೋವರಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿಲ್ಲ. ನಡುವೆ ಕಾಡುದಾರಿಗಳಿವೆ. ಅಲ್ಲಿ ದೋಣಿಯನ್ನೂ ಸಾಮಾನನ್ನೂ ಹೊತ್ತು ನಡೆಯಬೇಕು. ಪೋರ್ಟೇಜ್ ಎನ್ನುವುದು ಇದಕ್ಕೇ. ಹರಿಗೋಲನ್ನು ಬೆನ್ನ ಮೇಲೆ ಆಮೆಯ ಚಿಪ್ಪಿನಂತೆ ಹೊತ್ತು ದಂಡೆಯಲ್ಲಿ ನಡೆಯುವ ಅಂಬಿಗನನ್ನು ತುಂಗಭದ್ರೆಯ ದಡದಲ್ಲಿ ಕಂಡವರಿಗೆ ಆ ದೃಶ್ಯ ಊಹಿಸಲು ಕಷ್ಟವಿಲ್ಲ. ಕೆನೂ ದೋಣಿಯ ನಡುಮಧ್ಯೆ ಭುಜಕ್ಕೆ ಹೊಂದುವಂತೆ ಕೊರೆದ ಅಡ್ಡಮರವಿರುತ್ತದೆ. ಅದು ನೊಗ, ಎತ್ತಿನ ಹೆಗಲಿಗೆ ಬದಲು ಮನುಷ್ಯರ ಹೆಗಲಿಗೆ. ದೋಣಿಯನ್ನು ಮೊದಲು ತೊಡೆಯ ಮೇಲೆ ಏರಿಸಿಕೊಂಡು, ಒಂದೇ ಉಸಿರಿಗೆ ತಿರುವಿ ತಲೆಯ ಮೇಲೆ ತಂದು, ನೊಗವನ್ನು ಹೆಗಲಿಗೆ ಕೂರಿಸಿಕೊಳ್ಳಬೇಕು. ಕಲಿತವಳಿಗೆ ಇದೊಂದು ಚಳಕ. ಮೊದಲ ಸಲ ಒಬ್ಬಳೇ ಎತ್ತಿ ಹೆಗಲಿಗೇರಿಸಿದ ದಿನವನ್ನು ಹಳೆಯ ಶಿಬಿರಾರ್ಥಿಗಳು ಮುಪ್ಪಿನಲ್ಲೂ ನೆನೆಯುತ್ತಾರೆ ಎಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಹುಡುಗಿಯರಿಗೆ ಇದು ಒಮ್ಮೆಲೇ ದಕ್ಕಲಿಲ್ಲ. ಮೊದಲ ದಶಕಗಳಲ್ಲಿ ಆಲ್ಗಾಂಕ್ವಿನ್‌ನ ಹುಡುಗಿಯರ ಶಿಬಿರಗಳು ದೂರದ ಯಾತ್ರೆಗೆ ಹೊರಟಾಗ ಗಂಡಸು ಗೈಡುಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದವು. ದಾರಿ ತೋರುವುದು, ಕಟ್ಟಿಗೆ ಕಡಿಯುವುದು, ಭಾರದ ದೋಣಿ ಹೊರುವುದು ಅವರ ಪಾಲು. ದೋಣಿ ನಡೆಸುವುದನ್ನು ಹುಡುಗಿ ಕಲಿಯಬಹುದು, ಕಾಡಿನಲ್ಲಿ ತೀರ್ಮಾನ ತೆಗೆದುಕೊಳ್ಳುವುದು ಮಾತ್ರ ಗಂಡಸಿನ ಕೆಲಸ ಎಂಬ ನಂಬಿಕೆ ಅಲ್ಲಿತ್ತು. ಅದನ್ನು ಮುರಿದ ಹೆಸರುಗಳಲ್ಲಿ ಒಂದು ಎಸ್ತರ್ ಕೀಸರ್. ಅಮೆರಿಕದಿಂದ ನಾರ್ತ್‌ವೇ ಲಾಡ್ಜ್ ಶಿಬಿರಕ್ಕೆ ಬಾಲಕಿಯಾಗಿ ಬಂದವಳು ಅವಳು. 1930ರ ದಶಕದಲ್ಲಿ ಆಲ್ಗಾಂಕ್ವಿನ್‌ನ ಮೊದಲ ಮಹಿಳಾ ಕೆನೂ ಗೈಡ್ ಆದಳು. ಶಿಬಿರದಲ್ಲಿ ಎರಡು ತಿಂಗಳು ಆಡಿ ಬರಲಿ ಎಂದು ಮನೆಯವರು ಕಳಿಸಿದ ಹುಡುಗಿ ಅದೇ ಕಾಡಿನಲ್ಲಿ ಹಣ ಪಡೆದು ಜನರಿಗೆ ದಾರಿ ತೋರುವವಳಾದಳು. ಮುಂದಿನ ದಶಕಗಳಲ್ಲಿ ಹುಡುಗಿಯರ ಶಿಬಿರಗಳಲ್ಲಿ ಯಾತ್ರೆಯ ಮುಂದಾಳುಗಳೂ ಹೆಂಗಸರೇ ಆದರು. ಚಿಕ್ಕವಳಿದ್ದಾಗ ದೋಣಿಯ ನಡುವೆ ಕೂತು ಬಂದವಳು, ಬೆಳೆದು ಮೂತಿಯಲ್ಲಿ ಕೂತಳು, ಆಮೇಲೆ ಹಿಂದುಗಡೆ ಕೂತು ದಿಕ್ಕು ನಿರ್ಧರಿಸಿದಳು, ಇಪ್ಪತ್ತರ ಹೊತ್ತಿಗೆ ಚಿಕ್ಕವರ ತಂಡವನ್ನು ತಾನೇ ಕರೆದೊಯ್ದಳು. ಶಿಬಿರ ತನ್ನ ಮುಂದಿನ ಶಿಕ್ಷಕಿಯರನ್ನು ತನ್ನೊಳಗಿನಿಂದಲೇ ಬೆಳೆಸಿಕೊಂಡಿತು. ಸಂಸ್ಥೆಯೊಂದು ನೂರು ವರ್ಷ ಬದುಕಲು ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ.

ವಾಪೊಮಿಯೊದಲ್ಲಿ ಈ ಮುಂದುವರಿಕೆಗೆ ಒಂದು ಮುಖವೂ ಇತ್ತು. ಸ್ಟ್ಯಾಟನ್ ದಂಪತಿಯ ಮಗಳು ಅಡೆಲ್ ಎಬ್ಸ್ ದಶಕಗಳ ಕಾಲ ಹುಡುಗಿಯರ ಶಿಬಿರವನ್ನು ನಡೆಸಿದಳು. ಶಿಬಿರದವರಿಗೆಲ್ಲ ಆಕೆ 'ಕೂಚಿ'. ಅವಳ ಗಂಡ ಹ್ಯಾರಿ ಎಬ್ಸ್ ವೈದ್ಯ. ಅಪ್ಪನ ಹೆಸರಿನಲ್ಲಿ ಶುರುವಾದ ಸಂಸ್ಥೆಯ ಹೆಣ್ಣುಮಕ್ಕಳ ಭಾಗ ಮಗಳ ಕೈಯಲ್ಲಿ ಅಷ್ಟು ದೀರ್ಘ ಕಾಲ ಉಳಿದದ್ದು ದೊಡ್ಡ ವ್ಯತ್ಯಾಸ ಮಾಡಿತು. ಪ್ರತಿ ವರ್ಷ ಮುಖ್ಯಸ್ಥರು ಬದಲಾಗುವ ಕಡೆ ಹೊರೆ ಹೊರುವುದನ್ನು ಕಲಿಸುವ ತಾಳ್ಮೆ ಉಳಿಯುವುದಿಲ್ಲ.

ಬೆಂಕಿಯ ಸುತ್ತ ಇಲ್ಲದವರು

ಈವರೆಗಿನ ಮಾತಿನಲ್ಲಿ ಹೊಗಳಿಕೆಯೇ ಹೆಚ್ಚು. ಅದು ಪ್ರಾಮಾಣಿಕವಾದ ಹೊಗಳಿಕೆಯೇ. ಆದರೆ ಈ ದ್ವೀಪಕ್ಕೆ ಬಂದ ಹುಡುಗಿಯರು ಯಾರ ಮಕ್ಕಳು ಎಂದು ಕೇಳದೆ ಪ್ರಕರಣ ಪೂರ್ತಿಯಾಗುವುದಿಲ್ಲ. ಖಾಸಗಿ ಶಿಬಿರಗಳ ಶುಲ್ಕ ಉಳ್ಳವರಿಗೆ ಮಾತ್ರ ಎಟಕುವಂಥದ್ದು. ಟೊರಾಂಟೊದ ಕಾರ್ಖಾನೆಯಲ್ಲಿ ದುಡಿಯುವವನ ಮಗಳಿಗೆ ಬೇಸಿಗೆಯಲ್ಲಿ ಕಾಡಿನ ಗಾಳಿ ಸಿಕ್ಕಿದರೆ ಅದು ದತ್ತಿ ಸಂಸ್ಥೆಗಳು ನಡೆಸುವ ಒಂದೆರಡು ವಾರದ ಶಿಬಿರದಲ್ಲಿ. ಹಣವಿದ್ದರೂ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಎರಡು ಮಹಾಯುದ್ಧಗಳ ನಡುವಿನ ಒಂಟಾರಿಯೊದಲ್ಲಿ ಅನೇಕ ಖಾಸಗಿ ಶಿಬಿರಗಳು ಯಹೂದಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಯಹೂದಿ ಸಮುದಾಯ ತನ್ನದೇ ಶಿಬಿರಗಳನ್ನು ಕಟ್ಟಿಕೊಂಡಿತು. ಸಮೀಪದ ಟೀ ಸರೋವರದಲ್ಲಿ 1936ರಲ್ಲಿ ಶುರುವಾದ ಟಮಕ್ವಾ ಅಂಥ ಮಕ್ಕಳ ಪಾಲಿಗೆ ಒಂದು ಆಸರೆಯಾಯಿತು.

ಇನ್ನೂ ಆಳದ ಗಾಯ ಆ ಬೆಂಕಿಯ ಸುತ್ತಲಿನ ಸಭೆಯದು. ಸ್ಟ್ಯಾಟನ್‌ನನ್ನು ಶಿಬಿರದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು 'ಚೀಫ್', ಅಂದರೆ ಬುಡಕಟ್ಟಿನ ನಾಯಕ ಎಂದು. ಹೆಂಡತಿಗೂ ಮೂಲನಿವಾಸಿ ಶೈಲಿಯ ಹೆಸರು. ಗರಿಗಳ ಕಿರೀಟ, ಡೋಲು, ಎರವಲು ತಂದ ಆಚರಣೆ, ಎರವಲು ತಂದ ಹೆಸರುಗಳು: ಆ ಕಾಲದ ಉತ್ತರ ಅಮೆರಿಕದ ಶಿಬಿರಗಳಲ್ಲಿ ಇದು ಸರ್ವೇಸಾಮಾನ್ಯವಾಗಿತ್ತು. ಮಾಡಿದವರ ಮನಸ್ಸಿನಲ್ಲಿ ಗೌರವವಿತ್ತು ಎಂದು ಒಪ್ಪಬಹುದು. ಆ ಗೌರವ ಎಂಥದ್ದು ಎಂದು ತಿಳಿಯಲು ಶಿಬಿರದ ಹೊರಗೆ ಕಣ್ಣು ಹಾಯಿಸಬೇಕು. ಕೆನಡಾದ ಇಂಡಿಯನ್ ಕಾಯ್ದೆಗೆ 1914ರಲ್ಲಿ ಬಂದ ತಿದ್ದುಪಡಿಯಂತೆ ಪಶ್ಚಿಮದ ಪ್ರಾಂತ್ಯಗಳ ಮೂಲನಿವಾಸಿಗಳು ಸರ್ಕಾರಿ ಅಧಿಕಾರಿಯ ಒಪ್ಪಿಗೆಯಿಲ್ಲದೆ ತಮ್ಮ ಉಡುಗೆ ತೊಟ್ಟು ಪ್ರದರ್ಶನಗಳಲ್ಲಿ ಕುಣಿಯುವಂತಿರಲಿಲ್ಲ. 1920ರಲ್ಲಿ ಅದೇ ಕಾಯ್ದೆ ಅವರ ಏಳರಿಂದ ಹದಿನೈದು ವರ್ಷದ ಮಕ್ಕಳಿಗೆ ಶಾಲೆಯನ್ನು ಕಡ್ಡಾಯ ಮಾಡಿತು, ವಸತಿ ಶಾಲೆಗೆ ಬಲವಂತವಾಗಿ ಸೇರಿಸುವ ಅಧಿಕಾರ ಕೊಟ್ಟಿತು. ಅಲ್ಲಿ ತಾಯ್ನುಡಿ ಆಡಿದ ಮಗುವಿಗೆ ಶಿಕ್ಷೆ. ಮರುವರ್ಷ ಅಹ್ಮೆಕ್, ಇನ್ನು ಮೂರು ವರ್ಷಕ್ಕೆ ವಾಪೊಮಿಯೊ. ಒಂದು ಕಡೆ ಕಾಡಿನ ಮಕ್ಕಳನ್ನು ಕಾಡಿನಿಂದ ಕಿತ್ತು ಅವರ ಹೆಸರು ಬದಲಿಸಲಾಗುತ್ತಿತ್ತು. ಇನ್ನೊಂದು ಕಡೆ ನಗರದ ಮಕ್ಕಳನ್ನು ಕಾಡಿಗೆ ತಂದು ಆ ಹೆಸರುಗಳನ್ನು ಅವರಿಗೆ ತೊಡಿಸಲಾಗುತ್ತಿತ್ತು. ಈ ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಶಿಬಿರದ ಹಳೆಯ ಚಿತ್ರಗಳನ್ನು ಮೊದಲಿನ ಕಣ್ಣಿನಿಂದ ನೋಡಲು ನನಗೆ ಸಾಧ್ಯವಾಗಿಲ್ಲ.

ಉದ್ಯಾನದ ಹೆಸರೇ ಆಲ್ಗಾಂಕ್ವಿನ್ ಜನರದು. ಅದರ ಗಡಿ ಗೆರೆ ಎಳೆದಾಗ ಬೇಟೆಗೂ ಉರುಲಿಗೂ ನಿಷೇಧ ಬಿದ್ದದ್ದು ಅವರ ಬದುಕಿನ ಮೇಲೆ. ಒಟ್ಟಾವಾ ನದಿಯ ಜಲಾನಯನ ಪ್ರದೇಶದ ಸುಮಾರು 36,000 ಚದರ ಕಿಲೋಮೀಟರ್ ನೆಲದ ಮೇಲೆ ಅವರ ಹಕ್ಕಿನ ಬೇಡಿಕೆಯಿದೆ, ಉದ್ಯಾನದ ಬಹುಭಾಗ ಅದರೊಳಗೇ ಬರುತ್ತದೆ. ಆ ನೆಲವನ್ನು ಒಪ್ಪಂದ ಮಾಡಿಕೊಂಡು ಬಿಟ್ಟುಕೊಟ್ಟದ್ದಿಲ್ಲ ಎಂಬುದು ಅವರ ವಾದ. 2016ರಲ್ಲಿ ಕೆನಡಾ ಮತ್ತು ಒಂಟಾರಿಯೊ ಸರ್ಕಾರಗಳ ಜೊತೆ ತಾತ್ವಿಕ ಒಪ್ಪಂದಕ್ಕೆ ಸಹಿ ಬಿತ್ತು. ವಸತಿ ಶಾಲೆಗಳ ಕುರಿತ ಸತ್ಯ ಮತ್ತು ಸಾಮರಸ್ಯ ಆಯೋಗದ ವರದಿ 2015ರಲ್ಲಿ ಹೊರಬಂದ ನಂತರ ಒಂಟಾರಿಯೊದ ಅನೇಕ ಶಿಬಿರಗಳು ಗರಿ, ವೇಷ, ಎರವಲು ಆಚರಣೆಗಳನ್ನು ಕೈಬಿಡುತ್ತ ಬಂದಿವೆ. ಹಾಡೊಂದನ್ನು ಬಿಡುವುದು ಹಳೆಯ ಶಿಬಿರಾರ್ಥಿಗಳಿಗೆ ಬಾಲ್ಯದ ತುಂಡೊಂದನ್ನು ಬಿಟ್ಟಷ್ಟು ಕಷ್ಟ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬಿಡಬೇಕಾದದ್ದೇ ಸರಿ ಎಂದು ಹೇಳುತ್ತೇನೆ. ದೋಣಿಯನ್ನು ಕೊಟ್ಟವರ ವೇಷ ತೊಡುವುದಕ್ಕಿಂತ ದೋಣಿ ಯಾರದೆಂದು ಹುಡುಗಿಯರಿಗೆ ನೇರವಾಗಿ ಹೇಳುವುದು ದೊಡ್ಡ ಶಿಕ್ಷಣ.

ರೈಲು ಹೋಯಿತು, ರಸ್ತೆ ಬಂತು

ಉಳಿದ ಇತಿಹಾಸವನ್ನು ಬೇಗ ಹೇಳಬಹುದು. ಮೊದಲ ವರ್ಷಗಳಲ್ಲಿ ಕೆನೂ ಸರೋವರಕ್ಕೆ ರೈಲೇ ಗತಿ. ಟ್ರಂಕುಗಳ ಜೊತೆ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ದೋಣಿ. 1933ರಲ್ಲಿ ಕ್ಯಾಶ್ ಸರೋವರದ ಬಳಿ ರೈಲಿನ ಮರದ ಸೇತುವೆ ಅಪಾಯಕರವೆಂದು ಮುಚ್ಚಿ, ಕಾಡನ್ನು ಅಡ್ಡಹಾಯುತ್ತಿದ್ದ ಸಂಪರ್ಕ ಕಡಿಯಿತು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಕೂಲಿ ಕೊಡಲು ಸರ್ಕಾರ ಕೈಗೊಂಡ ರಸ್ತೆ 1936ರಲ್ಲಿ ಹೆದ್ದಾರಿ 60 ಆಗಿ ತೆರೆಯಿತು. ಪಶ್ಚಿಮದಿಂದ ಬರುತ್ತಿದ್ದ ರೈಲೂ 1959ರಲ್ಲಿ ನಿಂತಿತು. ಹಳಿಗಳಿದ್ದ ಜಾಗದಲ್ಲಿ ಮರಗಳೆದ್ದವು.

ಇದಕ್ಕಿಂತ ದೊಡ್ಡ ಗಂಡಾಂತರ 1954ರಲ್ಲಿ ಬಂತು. ಉದ್ಯಾನವನ್ನು ಸಾಧ್ಯವಾದಷ್ಟು ಸಹಜ ಸ್ಥಿತಿಗೆ ಮರಳಿಸಬೇಕು, ಖಾಸಗಿ ಗುತ್ತಿಗೆಗಳು ಕ್ರಮೇಣ ಮುಗಿಯಬೇಕು ಎಂದು ಒಂಟಾರಿಯೊ ಸರ್ಕಾರ ನೀತಿ ರೂಪಿಸಿತು. ಕ್ಯಾಶ್ ಸರೋವರದ ದಡದಲ್ಲಿ ಮೆರೆದಿದ್ದ ಹೈಲ್ಯಾಂಡ್ ಇನ್ ಎಂಬ ದೊಡ್ಡ ಹೋಟೆಲನ್ನು 1956ರಲ್ಲಿ ಸರ್ಕಾರವೇ ಕೊಂಡು ನೆಲಸಮ ಮಾಡಿತು. ಅದಿದ್ದ ಜಾಗದಲ್ಲಿ ಪೈನ್ ಸಸಿ ನೆಟ್ಟರು. ಶಿಬಿರಗಳು ಮಾತ್ರ ಉಳಿದುಕೊಂಡವು. ಹೋಟೆಲಿಗೆ ಬಂದವನು ಕಾಡನ್ನು ನೋಡಿ ಹೋಗುತ್ತಾನೆ, ಶಿಬಿರಕ್ಕೆ ಬಂದ ಮಗು ಅದರೊಳಗೆ ನಡೆಯಲು ಕಲಿಯುತ್ತದೆ. ಈ ವ್ಯತ್ಯಾಸಕ್ಕೆ ಬೆಲೆಯಿತ್ತು ಎಂದು ನಾನು ಭಾವಿಸುತ್ತೇನೆ.

2020ರ ಬೇಸಿಗೆಯಲ್ಲಿ ಕೋವಿಡ್ ಕಾರಣಕ್ಕೆ ಒಂಟಾರಿಯೊದ ಯಾವ ಶಿಬಿರಕ್ಕೂ ಮಕ್ಕಳನ್ನು ರಾತ್ರಿ ಉಳಿಸಿಕೊಳ್ಳಲು ಅನುಮತಿ ಸಿಗಲಿಲ್ಲ. ಜುಲೈ ಬಂದರೂ ದ್ವೀಪಕ್ಕೆ ಹುಡುಗಿಯರು ಬರಲಿಲ್ಲ. ಲೂನ್ ಹಕ್ಕಿಯ ಕೂಗಿಗೆ ಗುಡಿಸಲುಗಳಿಂದ ಅಣಕು ಕೂಗು ಹಾಕುವವರು ಇಲ್ಲದ ಬೇಸಿಗೆ. ಮರುವರ್ಷ ನಿರ್ಬಂಧ ಸಡಿಲಿತು. 2024ಕ್ಕೆ ವಾಪೊಮಿಯೊಗೆ ನೂರು ತುಂಬಿತು.

ಕೆನೂ ಸರೋವರದ ಉತ್ತರ ತುದಿಗೆ ಹೋದರೆ ಅಣೆಕಟ್ಟಿನ ಪಕ್ಕ ಒಂದು ಹಳದಿ ಫಲಕವಿದೆ. ದೋಣಿ ಹೊತ್ತ ಮನುಷ್ಯನ ಕಪ್ಪು ಚಿತ್ರ, ಜೋ ಸರೋವರಕ್ಕೆ ಹೋಗುವ ದಾರಿಯ ದೂರ: ಸುಮಾರು 300 ಮೀಟರ್. ಆಲ್ಗಾಂಕ್ವಿನ್‌ನ ಹೊರೆದಾರಿಗಳಲ್ಲಿ ಇದು ತೀರಾ ಸುಲಭದ್ದು, ಅಗಲ, ಸಪಾಟು. ದ್ವೀಪದಿಂದ ಉತ್ತರಕ್ಕೆ ಹೊರಟ ಹುಡುಗಿ ಹೆಗಲಿಗೆ ನೊಗ ಕೊಡಬೇಕಾದ ಮೊದಲ ಜಾಗವೇ ಇದು. ದೋಣಿಯನ್ನು ನೀರಿನಿಂದ ಎಳೆದು, ತೊಡೆಗೆ ಏರಿಸಿಕೊಂಡು, ಉಸಿರು ಬಿಗಿಹಿಡಿದು ತಿರುವುತ್ತಾಳೆ. ತಲೆ ದೋಣಿಯೊಳಗೆ ಮರೆಯಾಗುತ್ತದೆ. ಹಿಂದೆ ನಿಂತವರಿಗೆ ಕಾಣುವುದು ಎರಡು ಒದ್ದೆ ಬೂಟು, ಅವುಗಳ ಮೇಲೆ ಹದಿನಾರು ಅಡಿ ದೋಣಿ. ಅದು ಮೆಲ್ಲಗೆ ಮರಗಳ ನಡುವೆ ನಡೆದು ಹೋಗುತ್ತದೆ.